ತೌಡಿಗೆ ಕೊಂಡ ಮಗು

ಸೋಮವಾರ ಬೆಳಿಗ್ಗೆ 10.20ಕ್ಕೆ ಕಾಗದನಗರ ಕ್ವಾರ್ಟರ್ಸ್‌ನ ಇಂಪನಾ ಭದ್ರಾವತಿಯ ಠಾಣೆಗೆ ಓಡಿ ಬಂದಳು. ಹಿಂದೆಯೇ ಅತ್ತೆ ಉಚ್ಚಂಗಮ್ಮ. ವರಾಂಡದ ತೊಟ್ಟಿಲಲ್ಲಿದ್ದ ಐದು ತಿಂಗಳ ಹೆಣ್ಣುಮಗು ಕಾಣೆಯಾಗಿತ್ತು.

“ಕೊನೆಯ ಸಲ ನೋಡಿದ್ದು ಯಾವಾಗ?” ಇನ್ಸ್‌ಪೆಕ್ಟರ್ ರೇಣುಕಾಪ್ರಸಾದ್ ಕೇಳಿದರು.

“ಎಂಟೂವರೆಗೆ ಹಾಲು ಕುಡಿಸಿದ್ದೆ ಸರ್. ಎದೆಹಾಲು ಬಿಟ್ಟು ಏನೂ ಕುಡಿಯಲ್ಲ. ಇದಕ್ಕೆ ಮುಂಚೆ ಎರಡು ಹೋದವು. ಇರೋದು ಇದೊಂದೇ.”

ಅಪಹರಣದ ಎಫ್‌ಐಆರ್ ದಾಖಲಾಯಿತು. 11.05ಕ್ಕೆ ಸ್ಥಳ ಪಂಚನಾಮೆ. ಬೀದಿಯ ಸಿಸಿ ಕ್ಯಾಮೆರಾ ಕೆಟ್ಟಿತ್ತು. ಬೇಕಾದಾಗ ಸರಿಯಿದ್ದ ಕ್ಯಾಮೆರಾ ಯಾರು ಕಂಡಿದ್ದಾರೆ? ತೊಟ್ಟಿಲ ಕೆಳಗೆ ಒಂದು ಮೊರ, ಅದರ ತುಂಬ ತೌಡು. ಉಚ್ಚಂಗಮ್ಮ ಅದನ್ನು ಗುರುತಿಸಿದಳು.

“ಫುಲ್ಮನಿಗೆ ಕೊಟ್ಟಿದ್ದು ಸಾರ್ ಇದು.”

“ಯಾರು ಫುಲ್ಮನಿ?”

“ಜಾರ್ಖಂಡ್‌ನೋಳು. ಪಕ್ಕದ ಬಿಲ್ಡಿಂಗ್‌ನಲ್ಲಿ ಗಾರೆ ಕೆಲಸಕ್ಕೆ ಬರ್ತಿದ್ಲು. ಹುಟ್ಟಿದ್ದು ಉಳೀದಿದ್ರೆ ಬೇರೆಯವಳಿಗೆ ಮೊರದಲ್ಲಿ ಹಾಕಿ ಕೊಟ್ಟು, ತೌಡು ಕೊಟ್ಟು ಕೊಂಡ್ಕೋತೀವಿ. ಬೇರೆಯವರ ಕೂಸು ಅಂತ ಯಮ ತಿರುಗಿ ನೋಡಲ್ಲ. ಇದು ಹುಟ್ಟಿದಾಗ ಅವಳಿಗೆ ಹಂಗೇ ಕೊಟ್ಟು, ‘ಮಗಳು ನಿಂದು, ಸಾಕೋದು ನಾವು’ ಅಂದೆ. ಹಂಗನ್ನೋದು ವಾಡಿಕೆ.”

ಆ ಬಿಲ್ಡಿಂಗ್‌ನ ಮೇಸ್ತ್ರಿಗೆ ಫೋನ್ ಹೋಯಿತು. ಫುಲ್ಮನಿಯ ಗಂಡ ಶಿವಮೊಗ್ಗದ ಸೋಗಾನೆಯ ಶೆಡ್‌ನಲ್ಲಿದ್ದಾನೆ. ಅವರ ಗ್ಯಾಂಗ್ ಹನ್ನೆರಡೂವರೆಗೆ ಲಾರಿಯಲ್ಲಿ ಗೋವಾಕ್ಕೆ ಹೊರಡುತ್ತದೆ. ಆಗಲೇ 11.50. ಗಡಿ ದಾಟಿದರೆ ಹುಡುಕುವುದು ಎಲ್ಲಿ? ಇಂಪನಾಳನ್ನೂ ಕೂರಿಸಿಕೊಂಡು ಜೀಪು ಸೋಗಾನೆಯತ್ತ ಓಡಿತು. ಹಾಲು ಒಸರಿ ಇಂಪನಾಳ ರವಿಕೆ ಒದ್ದೆಯಾಗಿತ್ತು. ರೇಣುಕಾಪ್ರಸಾದ್ ಐದು ನಿಮಿಷದಲ್ಲಿ ಆರು ಸಲ ಗಡಿಯಾರ ನೋಡಿದರು. ಅವರಿಗೂ ಭಯವಾಗಿತ್ತು.

12.25. ಲಾರಿಯ ಎಂಜಿನ್ ಆಗಲೇ ಶುರುವಾಗಿತ್ತು. ಹಿಂದಿನ ಮೂಲೆಯಲ್ಲಿ ಫುಲ್ಮನಿ ಕುಳಿತು, ಅಳುವ ಮಗುವಿನ ಬಾಯಿಗೆ ಬಟ್ಟೆಯ ತುದಿಯಿಂದ ಸಕ್ಕರೆ ನೀರು ಹಿಂಡುತ್ತಿದ್ದಳು. ಇಂಪನಾ ಮಗುವನ್ನು ಕಿತ್ತುಕೊಂಡು ಅಲ್ಲೇ ನೆಲದ ಮೇಲೆ ಕೂತು ಎದೆಗೆ ಹಚ್ಚಿದಳು. ಅಳು ನಿಂತಿತು.

ಠಾಣೆಯಲ್ಲಿ ಹಿಂದಿ ಬಲ್ಲ ಕಾನ್‌ಸ್ಟೇಬಲ್ ಪುಷ್ಪಾ ಪ್ರಶ್ನಿಸಿದಳು.

“ಮಗು ಯಾಕೆ ತಗೊಂಡೆ?”

“ಅವರೇ ಕೊಟ್ಟರು. ‘ಮಗಳು ನಿಂದು’ ಅಂದರು. ತಮಗೆ ಮಗು ‘ಸಾಕು’ ಅಂದರು.”

ಫುಲ್ಮನಿಗೆ ಬರುತ್ತಿದ್ದ ಅಲ್ಪಸ್ವಲ್ಪ ಕನ್ನಡ ಹೆಚ್ಚಾಗಿ ಊಟದ ಸಾಲಿನಲ್ಲಿ ಕಲಿತದ್ದು: ಅನ್ನ, ನೀರು, ಸಾಕು.

“ಖಾತ್ರಿ ಮಾಡ್ಕೊಂಡ್ಯಾ?”

“‘ಸಾಕು?’ ಅಂತ ಅಜ್ಜೀನ ಕೇಳಿದೆ. ‘ಹ್ಞೂಂ, ಸಾಕ್ತೀವಿ’ ಅಂದರು. ತೌಡು ಕೊಟ್ಟದ್ದು ನಾನು ಊರು ಬಿಡೋವರೆಗೆ ಮಗು ಅವರ ಹತ್ತಿರ ಇರಲಿ ಅಂತ ತಿಳಿದೆ. ಇವತ್ತು ಹೊರಟೆ. ತೌಡು ವಾಪಸ್ ಇಟ್ಟು ಬಂದೆ.”

ಬಾಗಿಲ ಬಳಿ ಉಚ್ಚಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹೇಳದೆ ಯಾಕೆ ತಗೊಂಡು ಹೋದೆ? ಒಂದು ಸಲವೂ ಅನುಮಾನ ಬರಲಿಲ್ವಾ?”

ಫುಲ್ಮನಿ ಮಗುವಿದ್ದ ಕಡೆ ನೋಡಿದಳು. ಹೋದ ವರ್ಷ ಅವಳ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು.

“ಬಂತು. ಅದಕ್ಕೇ ಮತ್ತೆ ಯಾರನ್ನೂ ಕೇಳಲಿಲ್ಲ.”

3.40ಕ್ಕೆ ಬಂಧನ ದಾಖಲಾಯಿತು. ಆ ಕೊನೆಯ ಮಾತನ್ನು ಪುಷ್ಪಾ ಇನ್ನೊಮ್ಮೆ ಕೇಳಿ, ಸರಿಯಾಗಿ ಅರ್ಥವಾಯಿತೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬರೆದುಕೊಂಡಳು.