ಮಂಗಳವಾರದ ಕಲ್ಲುಗಳು

ಬೇಕರಿ ಬಂತು. ಅಮ್ಮಿ ನಿಲ್ಲಲಿಲ್ಲ.

ಬದರುನ್ನೀಸಾ ಮಾತ್ರ ನಿಂತಳು. ಗಾಜಿನ ಕಪಾಟಿನೊಳಗೆ ಬನ್ನುಗಳು ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದವು. ಪ್ರತಿ ಶನಿವಾರ ಅಕ್ಕಿ ಮಿಲ್ಲಿನಲ್ಲಿ ಬಟವಾಡೆ ಆದಮೇಲೆ ಅಮ್ಮಿ ಇಲ್ಲಿ ನಿಂತು ಎರಡು ಬನ್ನು ಕಟ್ಟಿಸುತ್ತಿದ್ದಳು. ಒಂದು ಬದರುಗೆ. ಇನ್ನೊಂದೂ ಹೆಚ್ಚುಕಮ್ಮಿ ಬದರುಗೇ. ಇವತ್ತು ನೋಡಿದರೆ ಆ ರಸ್ತೆಯಲ್ಲಿ ಬೇಕರಿಯೇ ಇಲ್ಲವೇನೋ ಅನ್ನುವ ಹಾಗೆ ಅಮ್ಮಿ ಮುಂದೆ ಮುಂದೆ ಹೋಗುತ್ತಿದ್ದಾಳೆ.

ಬದರು ಓಡಿಹೋಗಿ ಸೆರಗು ಹಿಡಿದಳು. "ಅಮ್ಮೀ, ಬೇಕರಿ ಹಿಂದೆ ಹೋಯ್ತು."

"ಹೋಗ್ಲಿ ಬಿಡು. ಮುಂದಿನ ವಾರಾನೂ ಅದು ಅಲ್ಲೇ ಇರ್ತದೆ."

ಬದರು ಅಷ್ಟಕ್ಕೆ ಬಿಡುವ ಹುಡುಗಿಯಲ್ಲ. ಮನೆ ಮುಟ್ಟುವುದರೊಳಗೆ ಕೇಳಿ ಕೇಳಿ ವಿಷಯ ಹೊರಗೆ ತೆಗೆದಳು. ಮಂಗಳವಾರದ ಕೂಲಿಯನ್ನು ಮಿಲ್ಲಿನವರು ಕೊಟ್ಟಿರಲಿಲ್ಲ.

ಆ ಮಂಗಳವಾರವನ್ನು ಬದರು ಮರೆಯುವ ಹಾಗೇ ಇರಲಿಲ್ಲ. ಶಾಲೆ ಬಿಟ್ಟು ಬರುತ್ತಿದ್ದಳು. ಬಿಸಿಲು ರಣರಣ ಹೊಡೆಯುತ್ತಿತ್ತು. ಅಂಥದ್ದರಲ್ಲಿ ಯಾರೋ ತಲೆ ತುಂಬ ಗೋಣಿಕೊಪ್ಪೆ ಹಾಕಿಕೊಂಡು ಮೋರಿಕಟ್ಟೆಯ ಮೇಲೆ ಕೂತಿದ್ದರು. ಗೋಣಿಕೊಪ್ಪೆ ಹಾಕುವುದು ಮಳೆಗಾಲದಲ್ಲಿ, ಗದ್ದೆಗೆ ಇಳಿಯುವವರು. ಇದು ಯಾರೋ ತಲೆ ಸರಿಯಿಲ್ಲದವರೇ ಇರಬೇಕು ಎಂದು ಬದರು ರಸ್ತೆಯ ಆಚೆ ಬದಿಗೆ ದಾಟಿದಳು. ಆಗ ಕೊಪ್ಪೆಯೊಳಗಿಂದ "ಬದರೂ" ಎಂದು ಕೇಳಿಸಿತು.

ಒಳಗಿದ್ದವಳು ಅಮ್ಮಿ. ಹಲ್ಲು ಕಟಕಟ ಕಡಿಯುತ್ತಿದ್ದಳು. ಮಿಲ್ಲಿನಲ್ಲಿ ಚಳಿಜ್ವರ ಏರಿ, ಮೂರು ಗಂಟೆಗೆ ಹೇಳಿ ಹೊರಟಿದ್ದಳಂತೆ. ಮೋರಿಕಟ್ಟೆಯಿಂದ ಮುಂದೆ ಕಾಲು ಬಂದಿರಲಿಲ್ಲ. ಬದರು ಅಮ್ಮಿಯ ಬುತ್ತಿಚೀಲವನ್ನೂ ತನ್ನ ಪಾಟಿಚೀಲವನ್ನೂ ಒಂದೇ ಹೆಗಲಿಗೆ ಹಾಕಿಕೊಂಡು, ಇನ್ನೊಂದು ಹೆಗಲಿಗೆ ಅಮ್ಮಿಯನ್ನು ಒರಗಿಸಿಕೊಂಡು ಮನೆಗೆ ಕರೆತಂದಿದ್ದಳು. ಅಬ್ಬ ಜಲಾಲುದ್ದೀನ್ ಮರದ ಲಾರಿಯಲ್ಲಿ ಕ್ಲೀನರ್, ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಆಸ್ಪತ್ರೆಯಿಂದ ಕೆಂಪು ಮಿಕ್ಸ್ಚರ್ ತಂದವಳೂ ಬದರುವೇ.

"ಬುಧವಾರ ನೀನು ಮಲಗಿದ್ದೆ. ಆ ಕೂಲಿ ಇಲ್ಲ ಅಂದ್ರೆ ಒಪ್ತೇನೆ," ಎಂದಳು ಬದರು. "ಮಂಗಳವಾರ ಮೂರು ಗಂಟೆ ತನಕ ಮಾಡಿದ್ದು ಕೆಲಸ ಅಲ್ವಾ?"

ಮಿಲ್ಲಿನ ಪದ್ಧತಿಯೇ ಹಾಗೆ ಎಂದಳು ಅಮ್ಮಿ. ಬೆಳಿಗ್ಗೆಯ ಗಂಟೆಯಿಂದ ಸಂಜೆಯ ಗಂಟೆಯ ತನಕ ಇದ್ದರೆ ಒಂದು ದಿನ. ನಡುವೆ ಎದ್ದು ಹೋದರೆ ಆ ದಿನ ಇಲ್ಲ.

ಬದರು ಶಾಲೆಯ ಮಾತು ತೆಗೆದಳು. ಅಲ್ಲಿ ಹಾಜರಿ ಕೂಗುವುದು ಎರಡು ಸಲ. ಮಧ್ಯಾಹ್ನ ಹೊಟ್ಟೆನೋವು ಬಂದು ಮನೆಗೆ ಹೋದವರಿಗೂ ಬೆಳಗಿನ ಹಾಜರಿ ಇದ್ದೇ ಇರುತ್ತದೆ, ಮೇಷ್ಟ್ರು ಅದನ್ನು ಅಳಿಸುವುದಿಲ್ಲ. ಅಮ್ಮಿ ಒಲೆ ಊದುತ್ತ, ಅದು ಶಾಲೆ, ಇದು ಮಿಲ್ಲು ಅಂದಳು. ಆಮೇಲೆ ಊದುಕೊಳವೆ ಕೆಳಗಿಟ್ಟು, "ಈ ಮಾತು ಮಿಲ್ಲಿಗೆ ತರಬೇಡ, ತಿಳೀತಾ?" ಎಂದಳು.

ಅಮ್ಮಿಗೆ ಹೆದರಿಕೆ ಎಂದುಕೊಂಡಳು ಬದರು. ಹೆದರಿಕೆ ಇಲ್ಲದವಳು ಒಬ್ಬಳು ಆ ಮನೆಯಲ್ಲಿ ಇದ್ದೇ ಇದ್ದಳಲ್ಲ.

ಸೋಮವಾರ ಶಾಲೆ ಬಿಟ್ಟಕೂಡಲೇ ಬದರು ಎಂದಿನಂತೆ ಮಿಲ್ಲಿಗೆ ಹೋದಳು. ಸಂಜೆಯ ಗಂಟೆ ಆಗುವ ತನಕ ಅಲ್ಲೇ ಕೂತು, ಅಮ್ಮಿಯ ಜೊತೆ ಮನೆಗೆ ಹೋಗುವುದು ಅವಳ ರೂಢಿ. ಒಳಗೆ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಕಡಹಿನಬೈಲಿನಿಂದ ಬಂದ ಭತ್ತದ ಚೀಲಗಳು ಒಂದು ಕಡೆ, ತೌಡಿನ ಚೀಲಗಳು ಇನ್ನೊಂದು ಕಡೆ. ನಡುವೆ ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ಅಕ್ಕಿ ಕೇರಿ ಕಲ್ಲು ಆರಿಸುತ್ತಿದ್ದರು. ತೌಡಿನ ಧೂಳು ಕೂತು ಎಲ್ಲರ ಕೂದಲೂ ಬೆಳ್ಳಗಾಗಿತ್ತು. ಸಾಲಿನ ಕೊನೆಯಲ್ಲಿ ಕೂರುವ ಚಿಕ್ಕಕ್ಕನ ಕೂದಲು ಮಾತ್ರ ಧೂಳಿಲ್ಲದೆಯೂ ಬೆಳ್ಳಗೇ. ಅವರೇ ಎಲ್ಲರಿಗಿಂತ ಹಿರಿಯರು. ಬದರು ಬಂದರೆ ಸೊಂಟದ ಚೀಲದಿಂದ ಸುಟ್ಟ ಹಲಸಿನಬೀಜ ತೆಗೆದು ಕೊಡುತ್ತಿದ್ದರು.

ಒಬ್ಬೊಬ್ಬರ ಪಕ್ಕದಲ್ಲೂ ಕಲ್ಲು ಹಾಕಲು ಒಂದೊಂದು ಡಬ್ಬಿ. ಅಮ್ಮಿ ಅಕ್ಕಿ ತರಲು ಎದ್ದು ಹೋಗಿದ್ದಳು. ಹೊರಗೆ ಮಾಲೀಕರ ಜೀಪು ನಿಂತಿತ್ತು. ಬದರು ಅಮ್ಮಿಯ ಡಬ್ಬಿಯನ್ನು ಎತ್ತಿಕೊಂಡು ನೇರ ಆಫೀಸಿಗೆ ನಡೆದಳು.

ಮಾಲೀಕರು ಅನಂತಮೂರ್ತಿಗಳು. ಶೃಂಗೇರಿ ಹತ್ತಿರದ ಮೆಣಸೆಯವರು, ಸೋಮವಾರಕ್ಕೊಮ್ಮೆ ಬಂದು ಮಿಲ್ಲು ನೋಡಿಕೊಂಡು ಹೋಗುವವರು. ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ರೈಟರ್ ರೇಣುಕಪ್ಪ ನಿಂತಿದ್ದರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಹುಳಿ ಅಮಟೆಕಾಯಿ ಕಚ್ಚಿದಂಥ ಮುಖ. ಕೂಲಿ ಕೊಡುವುದೂ ಹಿಡಿಯುವುದೂ ಅವರ ಕೈಯಲ್ಲೇ. ಬದರು ಅವರ ಕಡೆ ನೋಡದೆ ಡಬ್ಬಿಯನ್ನು ಟಣ್ಣನೆ ಮೇಜಿನ ಮೇಲೆ ಇಟ್ಟಳು.

"ಇದೆಂತ ಕೂಸೆ?" ಎಂದರು ಅನಂತಮೂರ್ತಿಗಳು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಆ ಗಳಿಗೆಯಲ್ಲಿ ಹಿಂದುಮುಂದಾಯಿತು. ಆದರೂ ಬದರು ಬಿಡಲಿಲ್ಲ. "ಕಲ್ಲು. ನಮ್ಮ ಅಮ್ಮಿ ಮೆಹರ್ ಬಾನು ಆರಿಸಿದ್ದು. ಮಂಗಳವಾರ ಜ್ವರ ಬಂತು ಅಂತ ಮೂರು ಗಂಟೆಗೆ ಹೋದ್ರು. ಅವರು ಅವತ್ತು ಕೆಲಸಾನೇ ಮಾಡಿಲ್ಲ ಅಂತ ಕೂಲಿ ಹಿಡ್ಕೊಂಡಿದ್ದೀರಿ. ಕೆಲಸ ಮಾಡದಿದ್ರೆ ಈ ಕಲ್ಲು ಅಕ್ಕಿಯಲ್ಲೇ ಇರ್ಬೇಕಿತ್ತಲ್ಲ ರಾಯರೇ. ತಗೊಳ್ಳಿ, ವಾಪಸ್ ಹಾಕ್ಕೊಳ್ಳಿ."

ಅನಂತಮೂರ್ತಿಗಳು ಲೋಟ ಕೆಳಗಿಟ್ಟು ಡಬ್ಬಿಯೊಳಗೆ ಇಣುಕಿದರು. "ಇದ್ರಲ್ಲಿ ಮಂಗಳವಾರದ್ದು ಯಾವುದು?"

"ಅಡಿಯಲ್ಲಿ ಇರೋದು," ಎಂದಳು ಬದರು, ಕಣ್ಣು ಮಿಟುಕಿಸದೆ.

ಅವರು ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಆಮೇಲೆ ರೇಣುಕಪ್ಪನವರನ್ನು ವಿಚಾರಿಸಿದರು. ರೇಣುಕಪ್ಪ ಮೆಲ್ಲಗೆ, ಹುಡುಗಿ ಹೇಳಿದ್ದು ಹೌದು, ಆದರೆ ಈ ಪದ್ಧತಿ ಮಾಲೀಕರೇ ಮಾಡಿದ್ದಲ್ಲವೇ ಎಂದರು. ಮಾಲೀಕರು ಡಬ್ಬಿಯನ್ನು ಬದರುವಿನ ಕಡೆ ಸರಿಸಿದರು.

"ಆ ಮೂರು ಗಂಟೆ ತನಕದ್ದು ಇವತ್ತೇ ಕೊಟ್ಬಿಡು ರೇಣುಕಪ್ಪ. ಇನ್ಮೇಲೆ ಗಂಟೆ ಲೆಕ್ಕ ಇಡು. ಎಲ್ಲರದ್ದೂ. ಮಾಡಿದ ಹೊತ್ತಿಗೆ ಕೂಲಿ, ಮಾಡದ ಹೊತ್ತಿಗೆ ಇಲ್ಲ. ಕೂಸು ಹೇಳಿದ್ದು ನ್ಯಾಯವೇ."

ರೇಣುಕಪ್ಪ ಬದರುವನ್ನು ಒಂದು ಸಲ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ಆಯಿತು ಎಂದಷ್ಟೇ ಅಂದರು.

ಬದರು ಡಬ್ಬಿ ಎತ್ತಿಕೊಂಡು ಹಾರುತ್ತಲೇ ಒಳಗೆ ಬಂದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಹೆಂಗಸರು ನಗುತ್ತಾರೆ, ಲಾಯರಮ್ಮ ಎಂದು ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದಳು. ಗಂಟೆ ಲೆಕ್ಕದ ಮಾತು ಬಂದದ್ದೇ ಮೊರಗಳು ಒಂದೊಂದಾಗಿ ನಿಂತವು. ಎಲ್ಲರೂ ಸಾಲಿನ ಕೊನೆಗೆ ನೋಡಿದರು. ಚಿಕ್ಕಕ್ಕನ ಜಾಗ ಖಾಲಿ ಇತ್ತು.

ಅಮ್ಮಿ ಬೈಯಲಿಲ್ಲ. ಬದರುವಿನ ಕೈ ಹಿಡಿದು ತೌಡಿನ ಚೀಲಗಳ ಹಿಂದೆ ಕರೆದುಕೊಂಡು ಹೋದಳು. ಅಲ್ಲಿ ಗೋಣಿ ಹಾಸಿಕೊಂಡು ಚಿಕ್ಕಕ್ಕ ಮಲಗಿದ್ದರು. ಉಸಿರಾಡಿದರೆ ಎದೆಯೊಳಗೆ ಸಣ್ಣ ಸೀಟಿ ಊದಿದಂತೆ ಕೇಳುತ್ತಿತ್ತು.

"ದಮ್ಮು," ಎಂದಳು ಅಮ್ಮಿ. "ಈ ಧೂಳಿಗೆ ಮಧ್ಯಾಹ್ನದ ಮೇಲೆ ಅವರಿಗೆ ಕೂರಕ್ಕೆ ಆಗೋದಿಲ್ಲ. ಒಂದಿಷ್ಟು ಹೊತ್ತು ಮಲಗ್ತಾರೆ. ನೀನು ಬರೋ ಹೊತ್ತಿಗೆ ಹೆಚ್ಚಾಗಿ ಎದ್ದಿರ್ತಾರೆ. ಅವರ ಪಾಲಿನ ಅಕ್ಕಿ ನಾವು ಹಂಚ್ಕೊಳ್ತೇವೆ. ಯಾರು ಎಷ್ಟು ಹೊತ್ತು ಕೂತ್ರು ಅಂತ ಇಲ್ಲಿ ಯಾರೂ ಕೇಳ್ತಿರ್ಲಿಲ್ಲ. ಇನ್ಮೇಲೆ ಮಲಗಿದ ಹೊತ್ತಿಗೆ ಕೂಲಿ ಇಲ್ಲ."

"ನಂಗೆ ಗೊತ್ತಿರ್ಲಿಲ್ಲ," ಎಂದಳು ಬದರು.

"ಗೊತ್ತಿದ್ದಿದ್ರೆ ಏನ್ಮಾಡ್ತಿದ್ದೆ?"

ಅಮ್ಮಿ ಜ್ವರದಲ್ಲಿ ನಡುಗುತ್ತ ಮೋರಿಕಟ್ಟೆಯ ಮೇಲೆ ಕೂತದ್ದೂ ನಿಜ, ಚಿಕ್ಕಕ್ಕ ಇಲ್ಲಿ ಮಲಗಿರುವುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾತಿಗೆ ಎಚ್ಚರಾಗಿ ಚಿಕ್ಕಕ್ಕ ಎದ್ದು ಕೂತರು. ಸಂಗತಿ ಕೇಳಿ ಅವರೊಬ್ಬರೇ ನಕ್ಕರು. "ಬಿಡೇ ಮಾರಾಯ್ತಿ. ನಾಳೆಯಿಂದ ಕೂತಲ್ಲೇ ನಿದ್ದೆ ಮಾಡೋದು ಕಲೀತೇನೆ. ನೀವು ಶಾಲೆಯಲ್ಲಿ ಮಾಡಲ್ವಾ? ಅಲ್ಲ, ಆ ರೇಣುಕಪ್ಪಂಗೆ ಗೊತ್ತಿಲ್ಲ ಅಂತ ಮಾಡಿದ್ದೀರಾ? ಅವ ಈ ಕಡೆ ಬರೋದಾದ್ರೆ ಬಾಗಿಲಿಂದಲೇ ಕೆಮ್ಕೊಂಡು ಬರ್ತಾನೆ."

ಸಂಜೆ ರೇಣುಕಪ್ಪ ಬಂದು ಹಿಡಿದ ಕೂಲಿ ಕೊಟ್ಟರು. ಅಮ್ಮಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬೇಕರಿಯ ಮುಂದೆ ತಾನಾಗಿಯೇ ನಿಂತಳು. ಬದರುಗೆ ಬನ್ನು ಬೇಡವೇ ಬೇಡವಾಗಿತ್ತು. ಬೇಡ ಬೇಡ ಎನ್ನುತ್ತಲೇ ಅರ್ಧ ತಿಂದಳು.

ಆ ವಾರವೆಲ್ಲ ಚಿಕ್ಕಕ್ಕ ಮಧ್ಯಾಹ್ನ ಮಲಗಲಿಲ್ಲ. ಗೋಡೆಗೆ ಒರಗಿ, ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಬದರು ದಿನಾ ಶಾಲೆ ಬಿಟ್ಟು ಬಂದವಳೇ ಮೊದಲು ಸಾಲಿನ ಕೊನೆಗೆ ನೋಡುತ್ತಿದ್ದಳು. ಹಲಸಿನಬೀಜ ಕೊಟ್ಟರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ಶನಿವಾರ ಬೆಳಗಿನ ಶಾಲೆ. ಯಾವತ್ತೂ ಸಂಜೆ ಬರುವ ಬದರು ಈ ಸಲ ಮಧ್ಯಾಹ್ನವೇ ಮಿಲ್ಲಿಗೆ ಬಂದಳು. ಊಟ ಮುಗಿದು ಸ್ವಲ್ಪ ಹೊತ್ತಿಗೆಲ್ಲ ಚಿಕ್ಕಕ್ಕನ ಎದೆಯ ಸೀಟಿ ಶುರುವಾಯಿತು. ಮೊರ ಹಿಡಿದ ಕೈ ನಿಂತಿತು. ಅಮ್ಮಿ ಎದ್ದಳು, ಇನ್ನೂ ಇಬ್ಬರು ಎದ್ದರು. ಯಾರೂ ಯಾರನ್ನೂ ಕೇಳಲಿಲ್ಲ. ಚೀಲಗಳ ಹಿಂದೆ ಗೋಣಿ ಹಾಸಿ ಚಿಕ್ಕಕ್ಕನನ್ನು ಮಲಗಿಸಿ ಬಂದರು.

ಬದರು ಹೋಗಿ ಸಾಲಿನ ಕೊನೆಯಲ್ಲಿ ಕೂತು ಮೊರ ಎತ್ತಿಕೊಂಡಳು. ಎರಡು ಸಲ ಕೇರುವಷ್ಟರಲ್ಲಿ ಕಲ್ಲಿಗಿಂತ ಅಕ್ಕಿಯೇ ಜಾಸ್ತಿ ಕೆಳಗೆ ಬಿತ್ತು. ಅದನ್ನು ಬಳಿದು ಮತ್ತೆ ಮೊರಕ್ಕೆ ಹಾಕುತ್ತಿದ್ದಾಗ ಬಾಗಿಲ ಕಡೆಯಿಂದ ದೊಡ್ಡ ಕೆಮ್ಮು ಕೇಳಿಸಿತು.

ರೇಣುಕಪ್ಪ ಪೆನ್ಸಿಲ್ಲು, ಪುಸ್ತಕ ಹಿಡಿದು ಬಂದರು. ಒಬ್ಬೊಬ್ಬರ ಹೆಸರು ಕೂಗಿ ಗೀಟು ಹಾಕುತ್ತ ಸಾಲಿನುದ್ದಕ್ಕೂ ನಡೆದು, ಕೊನೆಗೆ ಬದರುವಿನ ಮುಂದೆ ನಿಂತರು. ಬದರು ಓರೆಗಣ್ಣಿನಿಂದ ಹಿಂದೆ ನೋಡಿದಳು. ಚೀಲದ ಸಂದಿಯಲ್ಲಿ ಚಿಕ್ಕಕ್ಕನ ಅಂಗಾಲು ಬೆಳ್ಳಗೆ ಕಾಣುತ್ತಿತ್ತು. ಅವಳಿಗೆ ಕಂಡದ್ದು ಅವರಿಗೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ.

ರೇಣುಕಪ್ಪ ಮಾತ್ರ ತಲೆ ಎತ್ತಿ ಮಾಡಿನ ತೊಲೆಯ ಮೇಲೆ ಕೂತ ಗುಬ್ಬಿಯನ್ನು ನೋಡುತ್ತಿದ್ದರು. ತುಂಬಾ ಮುಖ್ಯವಾದ ಗುಬ್ಬಿಯೇನೋ ಎಂಬಂತೆ ನೋಡುತ್ತಿದ್ದರು.

"ಚಿಕ್ಕಕ್ಕ ಎಲ್ಲಿ?" ಎಂದು ಕೇಳಿದರು.

ಸಾಲಿನ ಮೊರಗಳೆಲ್ಲ ನಿಂತವು. ಮಲಗಿದ್ದಾರೆ ಎಂದರೆ ಅದು ನಿಜವೇ.

"ಇಲ್ಲೇ ಇದ್ದಾರೆ," ಎಂದಳು. ಅದೂ ನಿಜವೇ.

"ಕೆಲಸ?"

"ನಡೀತಾ ಇದೆ."

ರೇಣುಕಪ್ಪ ಪುಸ್ತಕದಲ್ಲಿ ಗೀಟು ಹಾಕಿದರು. ಎರಡು ಹೆಜ್ಜೆ ಹೋದವರು ತಿರುಗಿ, "ಮೊರ ಹಾಗೆ ಹಿಡಿಯೋದಲ್ಲ. ಮುಂದೆ ಸ್ವಲ್ಪ ಬಾಗಿಸು," ಎಂದು ಹೇಳಿ ಹೋದರು.

ಬದರು ಮೊರವನ್ನು ಬಾಗಿಸಿ ಹಿಡಿದಳು. ಆಮೇಲೆ ಕೂತಲ್ಲೇ ಸ್ವಲ್ಪ ಹಿಂದಕ್ಕೆ ಸರಿದು, ಚೀಲದ ಸಂದಿ ಮುಚ್ಚುವ ಹಾಗೆ ಲಂಗವನ್ನು ಅಗಲವಾಗಿ ಹರಡಿಕೊಂಡಳು.