ಸ್ಥಳ: ಸತ್ತಿ

ಆ ಫೋಟೋ ಎಷ್ಟು ದೊಡ್ಡದು ಮಾಡಿದರೂ ಮುಗಿಯುತ್ತಲೇ ಇರಲಿಲ್ಲ.

ನೀಲಮ ಮೌಸ್ ಒತ್ತುತ್ತಾ ಹೋದಳು. ನೂರು ಪರ್ಸೆಂಟ್... ಇನ್ನೂರು... ಮೊದಲು ಹೊಳೆ ಕಂಡಿತ್ತು. ಮೈತುಂಬ ಮಂಜು ಹೊದ್ದ ಮುಂಜಾವಿನ ಕೃಷ್ಣೆ. ಆಮೇಲೆ ಕಣ್ಣು ಹಾಯುವವರೆಗೂ ಹೂ ಬಿಟ್ಟ ಕಬ್ಬು, ಅದರ ಮೇಲೆ ಆಗತಾನೇ ಬಿದ್ದ ಬಿಸಿಲು. ಆಮೇಲೆ ಸತ್ತಿ ಊರಿನ ಘಾಟಿನ ಮೆಟ್ಟಿಲು. ಮೆಟ್ಟಿಲ ಮೇಲೆ ಒಂದು ಹಳದಿ ಚುಕ್ಕೆ.

ಮುನ್ನೂರಕ್ಕೆ ಏರಿಸಿದಳು. ಚುಕ್ಕೆ ಓಢಣಿಯಾಯಿತು. ಓಢಣಿಯ ಪಕ್ಕದಲ್ಲಿ ಕೊಡ ಹಿಡಿದ ಕೈ ಕಂಡಿತು.

ನೀಲಮ ಮೌಸ್ ಬಿಟ್ಟು ತನ್ನ ಹೆಗಲು ಮುಟ್ಟಿ ನೋಡಿಕೊಂಡಳು. ಅದೇ ಓಢಣಿ ಈಗಲೂ ಅವಳ ಹೆಗಲ ಮೇಲಿತ್ತು.

"ಇದು... ನಾನ ಅದೀನ್ರಿ," ಎಂದಳು ಮೆಲ್ಲಗೆ.

ಫೋಟೋ ತಂದುಕೊಟ್ಟು ಕೌಂಟರಿನ ಆಚೆ ನಿಂತಿದ್ದವನು ಬಗ್ಗಿ ನೋಡಿದ. ಖಾಕಿ ಅಂಗಿ, ಜೇಬಿನಲ್ಲಿ ಟೆಸ್ಟರ್, ಹೆಗಲಿಗೆ ಹಗ್ಗದ ಸುರುಳಿ. ಹೆಸರು ಸಮಾಧಾನ, ಊರು ರಾಯಬಾಗ ತಾಲೂಕಿನ ಅಲಖನೂರ, ನೌಕರಿ ಲೈನ್‌ಮನ್. ಸತ್ತಿಯ ಸುತ್ತಲಿನ ಕರೆಂಟ್ ಕಂಬಗಳೆಲ್ಲ ಅವನ ಪಾಲಿಗೆ ಬಂದು ಮೂರು ತಿಂಗಳಾಗಿತ್ತು.

"ಹೌದ್ರಿ? ನನಗ ಕಂಡ ಇಲ್ರಿ ಮೇಡಂ," ಎಂದ. ಅವನ ಕಿವಿ ಮಾತ್ರ ಕೆಂಪಾದವು.

"ಕೇಳದ ಹೆಂಗ ತಗದ್ರಿ? ಎಲ್ಲಿಂದ ತಗದ್ರಿ?"

"ಕಂಬದ ಮ್ಯಾಲಿಂದರಿ."

"ಅಂದ್ರ ಆವತ್ತ ಮುಂಜಾನಿ ಕರೆಂಟ್ ಹೋಗಿದ್ದು ನಿಮ್ಮ ಫೋಟೋದ ಸಲವಾಗೇನ್ರಿ?"

"ಅಲ್ರಿ... ಕಂಬದ ಜಂಪರ್ ವಾಯರ್ ಕಡದಿತ್ತು. ಕೆಲಸ ಮುಗಿಸಿ ಇಳಿಯೂ ಮುಂದ ತಗದೀನ್ರಿ."

ಬೈಯಬೇಕೆಂದು ನೀಲಮ ಬಾಯಿ ತೆರೆದಳು. ಆದರೆ ಕಣ್ಣು ಮತ್ತೆ ಪರದೆಯ ಕಡೆಗೇ ಹೋಯಿತು. ಇಪ್ಪತ್ತೆರಡು ವರ್ಷ ಅದೇ ಊರಲ್ಲಿ ಬೆಳೆದು, ಅದೇ ಘಾಟಿನಲ್ಲಿ ನೀರು ತುಂಬಿದ್ದಳು. ಆ ಊರು ಇಷ್ಟು ದೊಡ್ಡದಾಗಿದೆ, ಇಷ್ಟು ಚೆಂದವಾಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. *ಇದು ನಮ್ಮೂರಾ? ಇದರೊಳಗ ನಾನೂ ಅದೀನಾ?*

ಬೈಗುಳ ಅಲ್ಲೇ ಉಳಿಯಿತು.

ಇದು 2008ರ ಜನವರಿಯ ಮಾತು. ಅಥಣಿಯ ಬಸ್ ಸ್ಟ್ಯಾಂಡಿನ ಹತ್ತಿರ, ಊರೆಲ್ಲ ಮಾಮಾ ಎನ್ನುತ್ತಿದ್ದ ರಾಜಾರಾಮನ ಸ್ಟುಡಿಯೋದಲ್ಲಿ ನೀಲಮ ಫೋಟೋಶಾಪ್ ಕೆಲಸಕ್ಕಿದ್ದಳು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದು, ಮುಖದ ಕಲೆ ಅಳಿಸುವುದು, ಮದುಮಕ್ಕಳನ್ನು ತಾಜಮಹಲಿನ ಮುಂದೆ ನಿಲ್ಲಿಸುವುದು. ಅರ್ಧ ತಾಲೂಕನ್ನು ತಾಜಮಹಲಿಗೆ ಕಳಿಸಿದವಳು ತಾನು ಮಾತ್ರ ಮಿರಜ ದಾಟಿರಲಿಲ್ಲ, ಪಾಪ.

"ಇದನ್ನ ಮಂದಿಗೆ ತೋರಸಬೇಕ್ರಿ," ಎಂದ ಸಮಾಧಾನ. "ಫ್ರೇಮ್ ಹಾಕಿ ಗ್ವಾಡಿಗೆ ಹಾಕಿದ್ರ ನಮ್ಮವ್ವ ಒಬ್ಬಾಕಿನ ನೋಡ್ತಾಳ."

"ವೆಬ್‌ಸೈಟ್ ಮಾಡೋಣೇನ್ರಿ?" ಎಂದುಬಿಟ್ಟಳು ನೀಲಮ. ಅಂದ ಮೇಲೆ ತನಗೇ ಗಾಬರಿಯಾಯಿತು. ಚಿಕ್ಕೋಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಒಂದೇ ಒಂದು ಸಲ ಅದನ್ನು ಮಾಡಿ ನೋಡಿದ್ದಳು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೆಲಸ ಶುರುವಾಯಿತು. ಆಗಿನ ತೊಂದರೆ ನಿಮಗೆ ನೆನಪಿರಬೇಕು: ನಮ್ಮ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಕನ್ನಡ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಅದಕ್ಕೆ ನೀಲಮ ಒಂದು ಉಪಾಯ ಮಾಡಿದಳು. ಇಡೀ ಪುಟವನ್ನು, ಅಕ್ಷರ ಸಮೇತ, ಫೋಟೋಶಾಪಿನಲ್ಲೇ ಒಂದು ಚಿತ್ರವಾಗಿ ಬಿಡಿಸಿದಳು. ಆಮೇಲೆ ಸ್ಲೈಸ್ ಟೂಲಿನಿಂದ ಚಿತ್ರವನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಲಿಂಕ್ ಕೊಟ್ಟಳು.

"ಕತ್ತರಿಸಿದ್ದು ಗೊತ್ತ ಆಗಾಂಗಿಲ್ಲಲ್ರಿ," ಎಂದು ಸಮಾಧಾನ ಬೆರಗಾಗಿ ನೋಡಿದ. "ಜಾದೂ ಮಾಡಿದಂಗ ಮಾಡ್ತೀರಿ ಮೇಡಂ."

ಪ್ರತಿ ಫೋಟೋದ ಕೆಳಗೆ ಮೂರು ಸಾಲು ಇರಲಿ ಎಂದ ಅವನು. ಸ್ಥಳ, ವೇಳೆ, ಸಂಪರ್ಕ. ಸಂಪರ್ಕಕ್ಕೆ ಸ್ಟುಡಿಯೋದ ಫೋನ್ ನಂಬರು.

ಸೈಟ್ ಇಂಟರ್‌ನೆಟ್ಟಿಗೆ ಏರಿದ ಹತ್ತನೇ ದಿನಕ್ಕೆ ಒಂದು ಈಮೇಲ್ ಬಂತು. ಸತ್ತಿಯ ಭರಮು ಎಂಬ ಸೈನಿಕ ಜಮ್ಮುವಿನ ಆಚೆಯ ಗುಡ್ಡದ ಕ್ಯಾಂಪಿನಿಂದ ಬರೆದಿದ್ದ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. *ನಮ್ಮೂರ ಹೊಳಿ ನೋಡಿದೆ. ಇಲ್ಲಿ ಬರ್ಫ್ ಬಿದ್ದೈತಿ. ಹುಡುಗರನ್ನೆಲ್ಲ ಕರದು ತೋರಿಸಿದೆ, ನೋಡ್ರಲೇ ನಮ್ಮೂರು ಅಂತ. ಕಣ್ಣಾಗ ನೀರ ಬಂತ್ರಿ.*

ನೀಲಮ ಅದನ್ನು ಗಟ್ಟಿಯಾಗಿ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಈ ಮೂಲೆಯ ಕಂಪ್ಯೂಟರಿನಿಂದ ಹೊರಟ ಹೊಳೆ, ಹಿಮ ಬೀಳುವ ಊರು ಮುಟ್ಟಿತ್ತು.

ಫೆಬ್ರುವರಿಯಲ್ಲಿ ಸಮಾಧಾನ ಕೇಳಿಯೇ ಅವಳ ಇನ್ನೊಂದು ಫೋಟೋ ತೆಗೆದ. ಘಾಟಿನ ಮೆಟ್ಟಿಲ ಮೇಲೆ, ಹತ್ತಿರದಿಂದ. ಸೈಟಿಗೆ ಹಾಕಲು ಅವಳೂ ಒಪ್ಪಿದಳು. ಪರದೆಯ ಮೇಲೆ ತನ್ನ ಮುಖ ಬಂದಾಗ ನೀಲಮಳ ಕೈ ರೂಢಿಯಂತೆ ಬಣ್ಣ ತಿಳಿ ಮಾಡುವ ಬ್ರಶ್ಶಿಗೆ ಹೋಯಿತು.

"ಬಣ್ಣ ಮುಟ್ಟಬ್ಯಾಡ್ರಿ," ಎಂದ ಅವನು. "ಇದ್ದಂಗ ಇರ್ಲಿ. ಇದರಾಗ ತಿದ್ದಾಕ ಏನೈತ್ರಿ?"

ನೀಲಮ ತಲೆ ಎತ್ತಲಿಲ್ಲ. ಎತ್ತಿದ್ದರೆ ಎಲ್ಲಾ ಗೊತ್ತಾಗಿಬಿಡುತ್ತಿತ್ತು. *ಇಂವಾ ನನ್ನನ್ನ ಇದ್ದಂಗ ನೋಡ್ಯಾನ... ಇನ್ನ ನಾ ಬೇರೆ ಯಾರನ್ನ ನೋಡ್ಲಿ?*

ಇನ್ನು ಮುಂದಿನದು ಸುಸೂತ್ರ ಅಂದುಕೊಂಡಿರಾ? ಅಷ್ಟು ಸಲೀಸಾಗಿದ್ದರೆ ನಾನು ಈ ಕಥೆ ಹೇಳಲು ಕೂರುತ್ತಲೇ ಇರಲಿಲ್ಲ.

ನೀಲಮ ಸೋದರಮಾವನ ಮನೆಯ ಮದುವೆಗೆಂದು ನಾಲ್ಕು ದಿನ ರಜೆ ಹಾಕಿದಳು. ಅದೇ ವಾರ ಸಮಾಧಾನನಿಗೆ ಒಂದು ಹುಕಿ ಬಂತು. ಮಿರಜ, ಸಾಂಗಲಿಯವರೂ ಓದಲಿ, ಮರಾಠಿಯಲ್ಲೂ ಪುಟಗಳಿರಲಿ. ಕಾಗದದ ಮೇಲೆ ತಾನೇ ಬರೆದು ಕೊಟ್ಟ. ರಾಜಾರಾಮ ಮಾಮಾ ಅದನ್ನು ಇದ್ದದ್ದು ಇದ್ದಂತೆ ಟೈಪ್ ಮಾಡಿ ಏರಿಸಿದ.

ನೀಲಮ ಕೆಲಸಕ್ಕೆ ಮರಳಿದ ದಿನ ಮಿರಜದಿಂದ ಗಂಡ ಹೆಂಡತಿ ಇಬ್ಬರು ಸ್ಟುಡಿಯೋಕ್ಕೆ ಬಂದರು. ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸತ್ತಿ ಹುಡುಗಿ ನೀನ ಏನವಾ? ನಮ್ಮ ಮಗಾ ಬ್ಯಾಂಕಿನ್ಯಾಗ ಅದಾನ. ನಿನ್ನ ಸ್ಥಳ ಇಂಟರ್‌ನೆಟ್ಟಿನ್ಯಾಗ ನೋಡಿ ಬಂದೀವಿ."

"ಏನಂದ್ರಿ?"

"ಫೋಟೋ ಹಾಕಿ, ಕೆಳಗ ಮರಾಠಿಯೊಳಗ ಸ್ಥಳ ಅಂತ ಬರದು, ಫೋನ್ ನಂಬರ್ ಕೊಟ್ಟೀರಲ್ಲ. ಅಂದಂಗ, ಸ್ವಲ್ಪ ಬೆಳ್ಳಗ ಮಾಡಿದ ಫೋಟೋ ಇದ್ರ ಕೊಡವಾ. ಮನ್ಯಾಗ ತೋರಸಾಕ."

ನೀಲಮಳಿಗೆ ಆ ಮಾತು ಕೂಡಲೇ ತಿಳಿಯಿತು. ಅವಳ ತಾಯಿ ಸಕ್ಕುಬಾಯಿಯ ತವರು ಮಿರಜದ ಕಡೆ. ಮನೆಯಲ್ಲಿ ಮಾತು ಮರಾಠಿ. ಮರಾಠಿ ಮನೆಗಳಲ್ಲಿ ಮದುವೆಗೆ ಬಂದ ಸಂಬಂಧಕ್ಕೆ ಸ್ಥಳ ಎನ್ನುತ್ತಾರೆ. ಹೆಣ್ಣಿನ ಫೋಟೋ, ಕೆಳಗೆ ಸ್ಥಳ, ಅದರ ಕೆಳಗೆ ನಂಬರು ಎಂದರೆ ಒಂದೇ ಅರ್ಥ. ಮರಾಠಿಯಲ್ಲಿ ಬರೆದವನಿಗೆ ಅದು ಗೊತ್ತಿರಲೇಬೇಕು ಎಂದುಕೊಂಡಳು.

ಸಂಜೆ ಸಮಾಧಾನ ನಗುತ್ತಾ ಒಳಗೆ ಬಂದ. ಅವಳು ನಗಲಿಲ್ಲ.

"ನನ್ನ ಫೋಟೋದ ಕೆಳಗ ಸ್ಥಳ ಅಂತ ನೀವ ಹಾಕಿದ್ರೇನ್ರಿ?"

"ಹೌದ್ರಿ. ಮರಾಠಿಯೊಳಗೂ ನಾನ ಬರದೀನ್ರಿ."

"ಯಾಕ್ರಿ?"

"ಅಂಥಾ ಚಲೋ ಸ್ಥಳ ಮಂದಿಗೆ ಗೊತ್ತಾಗಬೇಕಲ್ರಿ? ಒಂದಿಬ್ಬರರ ನೋಡಾಕ ಬರ್ಲಿ ಅಂತ."

"ಬಂದಿದ್ರು," ಎಂದಳು ನೀಲಮ. "ನಿಮಗ ಖುಷಿ ಆತೇನ್ರಿ?"

"ಆಗದ ಏನ್ರಿ? ಇನ್ನೂ ಹತ್ತ ಮಂದಿ ಬರ್ಲಿ," ಎಂದ ಆ ಪುಣ್ಯಾತ್ಮ.

ನೀಲಮ ಕಂಪ್ಯೂಟರ್ ಆರಿಸಿದಳು. "ನಾಳಿಂದ ಬರಬ್ಯಾಡ್ರಿ ಇಲ್ಲಿಗೆ," ಎಂದು ಚೀಲ ಎತ್ತಿಕೊಂಡು ಬಸ್ಸಿಗೆ ನಡೆದಳು. ಅವನು ಬಾಗಿಲಲ್ಲಿ ಕಂಬದಂತೆ ನಿಂತುಬಿಟ್ಟ.

ಬಸ್ಸಿನ ಕಿಟಕಿಯಾಚೆ ಅವನ ಕಂಬಗಳೇ ಒಂದೊಂದಾಗಿ ಹಿಂದೆ ಸರಿದವು. *ಇದ್ದಂಗ ಇರ್ಲಿ ಅಂದಾಂವ ಅಂವನ... ಮಂದಿಗೆ ಕೊಡಾಕ ನನ್ನ ಸಂತ್ಯಾಗ ಇಟ್ಟಾಂವನೂ ಅಂವನ...* ಓಢಣಿಯ ಸೆರಗು ಪೂರ್ತಿ ಒದ್ದೆಯಾಯಿತು.

ಮಿರಜದವರು ಸತ್ತಿಗೂ ಬಂದರು. ಸಕ್ಕುಬಾಯಿಗೆ ಬ್ಯಾಂಕಿನ ಹುಡುಗ ಎಂದರೆ ಸಾಕಿತ್ತು. "ಬರೂ ರವಿವಾರ ಕುಂಕು ಹಚ್ಚಿ ಮದವಿ ಮಾತ ಪಕ್ಕಾ ಮಾಡಾಕ ಬರ್ತಾರ. ಏನಂತಿ ಪೋರಿ?" ಎಂದಳು.

"ನಿನ್ನ ಮನಸಿಗೆ ಬಂದಂಗ ಮಾಡ ಆಯಿ," ಎಂದಳು ನೀಲಮ. ಜೀವ ಇಲ್ಲದ ಮಾತು.

ಶುಕ್ರವಾರ ಮಧ್ಯಾಹ್ನ, ತನ್ನ ಫೋಟೋ ಅಳಿಸಿಹಾಕೋಣವೆಂದು ಅವಳು ಮರಾಠಿ ಪುಟಗಳನ್ನು ಮೊದಲ ಸಲ ತೆರೆದಳು.

ಮೊದಲ ಪುಟದಲ್ಲಿ ಮುರಗೆಪ್ಪಜ್ಜ. ಎಂಬತ್ತು ದಾಟಿದ ಮುದುಕ, ಬಾಯಲ್ಲಿ ಒಂದೂ ಹಲ್ಲಿಲ್ಲ. ಕೆಳಗೆ ನಾಗರಿ ಅಕ್ಷರದಲ್ಲಿ, *ಸ್ಥಳ: ಸತ್ತಿ. ವೇಳೆ: ಮುಂಜಾನೆ ಏಳು. ಸಂಪರ್ಕ...* ಎಂದು ಸ್ಟುಡಿಯೋದ ನಂಬರು.

ನೀಲಮ ಹುಬ್ಬು ಗಂಟಿಕ್ಕಿದಳು. ಮುಂದಿನ ಪುಟ ಒತ್ತಿದಳು. ಹೊಳೆಯಲ್ಲಿ ಕುತ್ತಿಗೆಯವರೆಗೆ ಮುಳುಗಿದ ಎರಡು ಎಮ್ಮೆಗಳು. *ಸ್ಥಳ: ಸತ್ತಿ.* ನಂಬರು. ಅದರ ಮುಂದೆ ಟ್ರಾನ್ಸ್‌ಫಾರ್ಮರ್ ಹೊತ್ತ ಕಂಬ. ಅದಕ್ಕೂ ಸ್ಥಳ, ಅದಕ್ಕೂ ನಂಬರು.

"ಮಾಮಾ..." ಎಂದು ಕೂಗಿದಳು. "ಇಲ್ಲಿ ಎಮ್ಮಿಗೂ ಸ್ಥಳ ನೋಡಾಕತ್ತಾರಲ್ರಿ..."

ರಾಜಾರಾಮ ಮಾಮಾ ಚಹಾದ ಕಪ್ಪು ಹಿಡಿದು ಬಂದು ನೋಡಿದ. ಹಣೆ ಚಚ್ಚಿಕೊಂಡ.

"ಅಂವಾ ಅಲಖನೂರಾಂವ. ಮನ್ಯಾಗ ಬರೇ ಕನ್ನಡ. ಹಿಂದಿ ಅಕ್ಷರದಾಗ ಕನ್ನಡಾನ ಬರದು ಕೊಟ್ಟಾನ ಹುಚ್ಚ! ಸ್ಥಳ ಅಂದ್ರ ಅಂವಗ ಜಾಗಾ ಅಷ್ಟ. ನಿನ್ನ ಫೋಟೋದ ಕೆಳಗ ಹೆಂಗ ಕಾಣ್ತೈತಿ ಅನ್ನೂದು ನನಗರ ತಿಳೀಬೇಕಿತ್ತವಾ. ತಪ್ಪ ನಂದ."

ನೀಲಮ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಹತ್ತು ಮಂದಿ ಬರಲಿ ಎಂದಿದ್ದು ಹೊಳೆಗೆ. ನೋಡಲಿ ಎಂದಿದ್ದು ಘಾಟನ್ನು. ಅವಳು ಅವನನ್ನು ಒಂದು ಮಾತೂ ಬಿಡಿಸಿ ಕೇಳದೆ ಹೊರಗೆ ಹಾಕಿದ್ದಳು.

ರವಿವಾರಕ್ಕೆ ಎರಡೇ ದಿನ ಉಳಿದಿತ್ತು.

ಮನೆಗೆ ಹೋದವಳೇ ತಾಯಿಗೆ ಎಲ್ಲಾ ಹೇಳಿದಳು. ಸಕ್ಕುಬಾಯಿ ಕಬ್ಬಿನ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಕಾಲೊರೆಸಿಕೊಂಡು ಮಗಳ ಎದುರಿಗೆ ಕೂತಳು.

"ನಿನ್ನ ಮನಸ್ಸು ತಿಳೀತು," ಎಂದಳು. "ಅಂವನ ಮನಸ್ಸು? ಬಂದ ಮಂದಿಗೆ ಬರೇ ನಿನ್ನ ಮಾತ ಕೇಳಿ ಬ್ಯಾಡ ಅನ್ನಾಕ ಆಗೂದಿಲ್ಲ. ನಾಳೆ ಸಂಜಿ ಒಳಗ ಅಂವನ ಬಾಯಲೆ ಕೇಳಿಕೊಂಡ ಬಾ. ಇಲ್ಲಾಂದ್ರ ರವಿವಾರ ಕುಂಕು."

ಶನಿವಾರ ಮಾಮಾನಿಂದ ಫೋನ್ ಮಾಡಿಸಿದಳು. ಸ್ಟುಡಿಯೋದಲ್ಲಿ ಕರೆಂಟ್ ಇಲ್ಲ, ಬೇಗ ಬಾ ಎಂದು. ಹತ್ತು ದಿನದಿಂದ ಆ ಬೀದಿಗೇ ಬರದಿದ್ದ ಸಮಾಧಾನ ಟೆಸ್ಟರ್ ಹಿಡಿದು ಒಳಗೆ ಕಾಲಿಟ್ಟ. ಮುಖ ಇಳಿದಿತ್ತು. ಮಾಮಾ ಮೆಲ್ಲಗೆ ಹೊರಗೆ ಹೋದ.

"ಫ್ಯಾನ್ ತಿರಗಾಕತ್ತೈತಲ್ರಿ," ಎಂದ ಅವನು.

"ಹೌದ್ರಿ. ಕರೆಂಟ್ ಹೋಗಿಲ್ಲ. ನಾನ ಸುಳ್ಳ ಹೇಳಿಸಿದೆ. ಬರ್ರಿ, ಕೂಡ್ರಿ." ಅವಳು ಎಮ್ಮೆಯ ಪುಟ ತೋರಿಸಿದಳು. "ಇದಕ್ಕ ಎಷ್ಟ ವರ ಬಂದಾವ್ರಿ?"

ಅವನು ಪಿಳಿಪಿಳಿ ನೋಡಿದ. ಮರಾಠಿಯ ಸ್ಥಳ ಎಂದರೆ ಏನೆಂದು ಅವಳು ಹೇಳಿದಳು. ಮಿರಜದವರು, ಅವನ ಹತ್ತು ಮಂದಿ, ರವಿವಾರದ ಕುಂಕು, ಎಲ್ಲಾ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ಮುಖದ ಬಣ್ಣವೇ ಹಾರಿತು.

"ನಿಮ್ಮನ್ನ ಮಂದಿಗೆ... ನಾನ..." ಅವನು ಟೆಸ್ಟರ್ ಹಿಡಿದ ಕೈ ಮುಂದೆ ಚಾಚಿದ. "ಅಷ್ಟೆತ್ತರ ಕಂಬ ಏರಾಕ ಒಂದ ದಿನಾ ಕೈ ನಡಗಿಲ್ರಿ ನನಗ. ಈಗ ನೋಡ್ರಿ."

ಅವನ ಕೈಯಲ್ಲಿದ್ದ ಟೆಸ್ಟರ್ ನಿಜವಾಗಿಯೂ ನಡುಗುತ್ತಿತ್ತು.

"ಮೊದಲನೇ ದಿನ ಸುಳ್ಳ ಹೇಳಿದ್ದೆರಿ," ಎಂದ ನೆಲ ನೋಡುತ್ತಾ. "ಆ ಹಳದಿ ಓಢಣಿ ಕಂಡಿತ್ತು. ಅದು ಮೆಟ್ಟಿಲಿಗೆ ಬರೂ ತನಕಾ ಕಾದ ಫೋಟೋ ತಗದಿದ್ದೆ. ಹೊಳಿ, ಮಂಜು, ಬಿಸಲು... ಎಲ್ಲಾ ಇತ್ತರಿ. ನೀವು ಬಂದ ಮ್ಯಾಲ ಅದು ಫೋಟೋ ಆತು."

ನೀಲಮಳಿಗೆ ಆ ಮೊದಲ ಫೋಟೋ ಕಣ್ಣ ಮುಂದೆ ಬಂತು. ಅಷ್ಟು ದೊಡ್ಡ ಹೊಳೆಯ ಮುಂದೆ, ಅಷ್ಟು ದೊಡ್ಡ ಬೆಳಗಿನಲ್ಲಿ, ಯಾರೋ ಒಬ್ಬ ತನಗಾಗಿ ಕಂಬದ ತುದಿಯಲ್ಲಿ ಕಾದಿದ್ದ. ಆ ಚುಕ್ಕೆಯನ್ನು ತಾನೇ ಮುನ್ನೂರು ಪರ್ಸೆಂಟಿಗೆ ದೊಡ್ಡದು ಮಾಡಿ ನೋಡಿದ್ದಳು, ಆದರೂ ಇದು ಕಂಡಿರಲಿಲ್ಲ.

ಅವಳು ಮೌಸ್ ಹಿಡಿದಳು. ತನ್ನ ಫೋಟೋ ಇದ್ದ ಮರಾಠಿ ಪುಟ ತೆರೆದಳು. ಸತ್ತಿ ಎನ್ನುವುದನ್ನು ಅಳಿಸಿ ಬೇರೊಂದು ಪದ ಕೂರಿಸಿ, ಪರದೆಯನ್ನು ಅವನ ಕಡೆ ತಿರುಗಿಸಿದಳು.

*ಸ್ಥಳ: ಅಲಖನೂರ.*

"ತಪ್ಪಾತಲ್ರಿ ಮೇಡಂ," ಎಂದ ಸಮಾಧಾನ. "ಇದು ಸತ್ತಿ ಘಾಟ ಐತಿ. ಅಲಖನೂರ ನಮ್ಮೂರರಿ."

"ಗೊತ್ತೈತ್ರಿ."

"ಮತ್ತ?"

"ನೀವು ಕನ್ನಡದಾಗ ಓದಾಕತ್ತೀರಿ," ಎಂದಳು ನೀಲಮ. "ಮರಾಠಿಯೊಳಗ ಓದ್ರಿ."

ಅವನು ಓದಿದ. ಇನ್ನೊಮ್ಮೆ ಓದಿದ. ಟೆಸ್ಟರನ್ನು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು ಎದ್ದು ನಿಂತ.

"ಸತ್ತಿಗೆ ಮುಂದಿನ ಬಸ್ ಎಷ್ಟಕ್ಕೈತ್ರಿ?"

"ನಾಲ್ಕಕ್ಕ. ಯಾಕ್ರಿ?"

"ನಿಮ್ಮ ಆಯಿಗೆ ಹೇಳಬೇಕಲ್ರಿ... ಒಂದ ಸ್ಥಳ ಬಂದೈತಿ ಅಂತ."