ಟೇಪಿನ ಅಂಚಿನ ಹಸಿರು ದೀಪ

"ನಾ ಒಂದ ಬೆರಳಿನಿಂದ ನಮ್ಮ ಮಣಿಕೊಂಡ ಏರಿಯಾದ ಮಳೀನ ನಿಲ್ಲಸ್ತೀನಿ," ಎಂದ ಗಗನ.

"ಬಂಡಲ್ ಬಿಡಬ್ಯಾಡೋ," ಎಂದಳು ಕಾರಿನ ಹಿಂದಿನ ಸೀಟಿನಲ್ಲಿದ್ದ ಅಕ್ಕ ಕಾವ್ಯಾ.

ಗಗನನಿಗೆ ಮುಂದಿನ ಸೀಟು ಸಿಕ್ಕಿದ್ದು ಅಂದೇ ಮೊದಲು. ಷರತ್ತು ಒಂದೇ: ಯಾವ ಬಟನ್ನೂ ಮುಟ್ಟಬಾರದು. ಮುಟ್ಟಿದರೆ ಮತ್ತೆ ಹಿಂದಿನ ಸೀಟು. ಎಸಿ ಬಟನ್ ಕಡೆಗಂತೂ ಕಣ್ಣೂ ಹಾಯಿಸಬಾರದು. ಎಸಿ ದಿನಕ್ಕೊಂದು ಪೆಟ್ರೋಲ್ ಬಂಕನ್ನೇ ಕುಡಿಯುತ್ತದೆ ಎಂದು ಪಪ್ಪ ಶಿವಪ್ರಕಾಶ ಅದರ ಮೇಲೆ ಕರಿ ಟೇಪು ಅಂಟಿಸಿದ್ದರು. ಮೇ ತಿಂಗಳಲ್ಲಿ, ಅದೂ ಬೀಗರು ಕಾರು ಹತ್ತಿದರೆ ಮಾತ್ರ, ಟೇಪು ಕಳಚುತ್ತಿತ್ತು.

ಹೊರಗೆ ಮಳೆ, ಒಳಗೆ ಮೂವರ ಉಸಿರು. ಮುಂದಿನ ಗಾಜು ಹಾಲಿನಂತೆ ಬೆಳ್ಳಗಾಯಿತು. ಪಪ್ಪ ಟವೆಲಿನಿಂದ ಒರೆಸಿದಷ್ಟೂ ಮಂಜು ಮತ್ತೆ ಕೂತಿತು.

"ಪಪ್ಪಾ, ಮುಂದಿನ ಬಸ್ಸ ಕಾಣವಲ್ದು," ಎಂದಳು ಕಾವ್ಯಾ.

ಗಗನನ ಬೆರಳು ಗಾಜಿನ ಚಿತ್ರವಿದ್ದ ಬಟನ್ ಒತ್ತಿಬಿಟ್ಟಿತು. ಬಿಸಿಗಾಳಿ ಬುಸ್ಸೆಂದಿತು. ಮಂಜು ಕರಗಿ, ಎದುರಿಗೇ ಬಸ್ಸಿನ ಬೆನ್ನು ಕಂಡಿತು. ಪಪ್ಪ ಬ್ರೇಕ್ ಹಾಕಿ ಕಾರನ್ನು ರಸ್ತೆಯ ಬದಿಗೆ ತಂದರು.

"ಏನ್ ಮುಟ್ಟಿದೀ?"

"ಹೀಟರ್ ಪಪ್ಪಾ. ಇಂಜಿನ್ನಿನ ಬಿಸಿ, ಪುಕ್ಕಟ."

"ಹಂಗಾರ ಎಸಿ ಟೇಪಿನ ಅಂಚಿಗೆ ಹಸರ ಲೈಟ್ ಯಾಕ ಐತಿ?" ಕಾವ್ಯಾ ಬಗ್ಗಿ ನೋಡಿದಳು.

"ಅದು... ನಿನ್ನಿ ಸಂಜಿಕ ಈ ಬಟನ್ನಿಗೂ ಎಸಿಗೂ ನಾನ ಹೊಸಾ ಕನೆಕ್ಷನ್ ಕೊಟ್ಟೀನಿ. ಇಡೀ ಇಂಜಿನ್ ಬಿಚ್ಚಿ."

ಪಪ್ಪ ಟೇಪಿನ ಮೇಲಿಂದಲೇ ಎಸಿ ಆಫ್ ಮಾಡಿದರು. ಹಸಿರು ದೀಪ ಆರಿತು. ಬಿಸಿಗಾಳಿ ಬೀಸುತ್ತಲೇ ಇತ್ತು, ಆದರೂ ಗಾಜಿನ ಮೂಲೆಗಳು ಮತ್ತೆ ಮಸುಕಾದವು. ಆನ್ ಮಾಡಿದರು. ತಿಳಿಯಾಯಿತು.

"ಬಿಸಿಗೂ ಎಸಿಗೂ ಏನ್ ಸಂಬಂಧ ಮಾರಾಯಾ?" ಪಪ್ಪ ಗೊಣಗಿದರು.

ಗಗನನಿಗೆ ಮೇಲಿನ ಮನೆಯವರ ಎಸಿ ಪೈಪು ನೆನಪಾಯಿತು. ಅದರಿಂದ ತೊಟ್ಟಿಕ್ಕಿದ ನೀರಿಗೆ ಬಕೆಟ್ ಇಟ್ಟು, ಅದರಿಂದಲೇ ಮಮ್ಮಿ ನೆಲ ಒರೆಸುತ್ತಿದ್ದಳು. ಆ ನೀರನ್ನು ಯಾರೂ ಎಸಿಗೆ ಹಾಕಿದ್ದಲ್ಲ.

"ಎಸಿ ಗಾಳ್ಯಾಗಿನ ನೀರ ಹಿಂಡತೈತಿ ಪಪ್ಪಾ. ಒಣಗಿದ ಗಾಳೀನ ಹೀಟರ್ ಕಾಯಿಸತೈತಿ. ಅದಕ್ಕ ಎರಡೂ ಬೇಕು."

ಪಪ್ಪ ಗಾಜು ನೋಡಿದರು, ಬಸ್ಸು ನೋಡಿದರು. ಮೆಲ್ಲಗೆ ಟೇಪು ಕಿತ್ತು, ಎಲ್ಲಿ ಅಂಟಿಸಬೇಕೆಂದು ತೋಚದೆ ಬೆರಳಿಗೆ ಸುತ್ತಿಕೊಂಡರು.

"ಮತ್ತ ಆ ಕನೆಕ್ಷನ್?"

ಗಗನ ತನ್ನ ಬ್ಯಾಗನ್ನು ತಾನೇ ಹಿಂದಿನ ಸೀಟಿಗೆ ದಾಟಿಸಿದ.

"ಕೊಟ್ಟಿಲ್ಲ ಪಪ್ಪಾ. ಕಾರ್ ಕಂಪನಿಯವರ ಕೊಟ್ಟಿರಬೇಕು. ಬಸ್ಸ ಕಾಣಲಿಲ್ಲಲ್ಲ, ಅಂಜಿ ಒತ್ತಿಬಿಟ್ಟೆ."